ಎಡದಿಂದ ತುಂಬುವ ಚಂದ್ರ

ಸಿಡ್ನಿಯ ಸರ್ರಿ ಹಿಲ್ಸ್‌ನಲ್ಲಿ ಕಾರ್ಪೆಟ್ ಗೋದಾಮಿನ ಮೇಲಿದ್ದ ಆ ಕಾರ್ಟೂನ್ ಸ್ಟುಡಿಯೋವನ್ನು ಅದರ ಒಡೆಯರಾದ ಅಮೆರಿಕದ ಕಂಪನಿಯವರು ಬೆನ್ನ ಹಿಂದೆ ‘ಎರಡನೇ ಭಾಗಗಳ ಅಂಗಡಿ’ ಎಂದು ಕರೆಯುತ್ತಿದ್ದರು. ಅಲ್ಲಿನ ಹಳೆಯ ಕಲಾವಿದೆ ನೊಯೆಲಿನ್ ಟ್ರೆವಾಸ್ಕಿಸ್‌ಗೆ ಅದು ಗೊತ್ತಿತ್ತು. ಆಕೆ ಅದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. ಅಂಗಡಿ ಎಂದರೆ ವ್ಯಾಪಾರ ನಡೆಯುತ್ತಿದೆ ಎಂದು ತಾನೆ ಅರ್ಥ?

ಕ್ಯಾಲಿಫೋರ್ನಿಯಾದ ಮಹಾನುಭಾವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಒಂದು ಸಿನಿಮಾ ಮಾಡುತ್ತಿದ್ದರು. ಥಿಯೇಟರಿನಲ್ಲಿ ಚಪ್ಪಾಳೆ ಹೊಡೆಸಿಕೊಂಡು, ಬಹುಮಾನ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಅದೇ ರಾಜಕುಮಾರಿಗೆ ಮಗುವಾದದ್ದು, ಅದೇ ಕರಡಿ ಊರು ಬಿಟ್ಟದ್ದು, ಸತ್ತ ಖಳನಾಯಕನಿಗೊಬ್ಬಳು ತಂಗಿ ಇದ್ದದ್ದು, ಈ ಸಮಾಚಾರವನ್ನೆಲ್ಲ ಜಗತ್ತಿಗೆ ಮುಟ್ಟಿಸುವ ಕೆಲಸ ಸಿಡ್ನಿಯದು. ಆ ಚಿತ್ರಗಳು ಥಿಯೇಟರಿನ ಮುಖವನ್ನೇ ಕಾಣದೆ ನೇರವಾಗಿ ಕ್ಯಾಸೆಟ್ಟಾಗಿ ಅಂಗಡಿಗೆ ಹೋಗುತ್ತಿದ್ದವು. ವಿಮರ್ಶಕರು ಮೂಗು ಮುರಿಯುತ್ತಿದ್ದರು. ಮಕ್ಕಳು ಮಾತ್ರ ಟೇಪು ಸವೆಯುವವರೆಗೆ ನೋಡುತ್ತಿದ್ದರು.

ಈ ಸ್ಟುಡಿಯೋ ಶುರುವಾದದ್ದು ಎಪ್ಪತ್ತರ ದಶಕದಲ್ಲಿ, ಶನಿವಾರ ಬೆಳಗಿನ ಟೀವಿ ಧಾರಾವಾಹಿಗಳಿಗಾಗಿ. ಆಗ ನೊಯೆಲಿನ್ ಇಲ್ಲಿನ ಅತಿ ಕಿರಿಯ ಅನಿಮೇಟರ್. ಅವಳು ಬಿಡಿಸಿದ ನಾಯಿಗಳು ಓಡಿದರೆ ನೋಡಿದವರಿಗೆ ಏದುಸಿರು ಬರುತ್ತಿತ್ತು. ಅಮೆರಿಕದವರು ಸ್ಟುಡಿಯೋ ಕೊಂಡ ಮೇಲೆ ಅವಳು ಕ್ಲೀನ್‌ಅಪ್ ವಿಭಾಗದ ಮುಖ್ಯಸ್ಥೆಯಾದಳು. ಅಂದರೆ ಅನಿಮೇಟರುಗಳು ಗೀಚಿದ ಪೆನ್ಸಿಲ್ ಗೀಟುಗಳಲ್ಲಿ ಯಾವುದು ನಿಜವಾದ ಗೀಟು ಎಂದು ಹುಡುಕಿ, ಅದೊಂದನ್ನೇ ಶುದ್ಧವಾಗಿ ಎಳೆಯುವ ಕೆಲಸ. ಅಲ್ಲಿ ದೇವರೆಂದರೆ ಮಾದರಿ ಹಾಳೆ. ಮೂಲ ಕಲಾವಿದ ತನ್ನ ಪಾತ್ರವನ್ನು ಎದುರಿನಿಂದ, ಪಕ್ಕದಿಂದ, ಬೆನ್ನಿನಿಂದ, ನಗುವಾಗ, ಅಳುವಾಗ, ನಿದ್ದೆಯಲ್ಲಿ ಹೇಗಿರುತ್ತದೆಂದು ಬಿಡಿಸಿಟ್ಟ ಹಾಳೆಗಳು ಅವು. ಅದರಲ್ಲಿದ್ದಂತೆ ಎಳೆಯಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ನೊಯೆಲಿನ್ ಅದರಲ್ಲಿ ಎಷ್ಟು ಪಳಗಿದಳೆಂದರೆ, ತನ್ನ ಸ್ವಂತ ಗೀಟು ಹೇಗಿತ್ತೆಂಬುದನ್ನೇ ಮರೆತಳು. ಹಾಗೆಂದು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ.

ತೊಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ಅವರ ಕೈಲಿದ್ದದ್ದು ಸೊಲ್ವಿಯ ಎರಡನೇ ಭಾಗ. ಸೊಲ್ವಿ ಉತ್ತರದ ಹಿಮದೂರಿನ ಗಿರಣಿಯವನ ಮಗಳು. ಮೊದಲ ಭಾಗದಲ್ಲಿ ಹೆಪ್ಪುಗಟ್ಟಿದ ನದಿಯನ್ನು ಕರಗಿಸಿದವಳು, ಈಗ ದಕ್ಷಿಣಕ್ಕೆ ಹಾರಿಹೋದ ತನ್ನ ಬಾತುಕೋಳಿಯನ್ನು ಹುಡುಕಿಕೊಂಡು ಹಡಗು ಹತ್ತಿದ್ದಾಳೆ. ಒಂದು ದ್ವೀಪದಲ್ಲಿ ಇಳಿಯುತ್ತಾಳೆ. ಹುಣ್ಣಿಮೆಯೊಳಗೆ ಬಾತುಕೋಳಿ ಸಿಗಬೇಕು, ಇಲ್ಲದಿದ್ದರೆ ಅದು ಅವಳನ್ನು ಮರೆತುಬಿಡುತ್ತದೆ. ಕಥೆ ಅಷ್ಟೇ.

ಸೊಲ್ವಿಯನ್ನು ಸೃಷ್ಟಿಸಿದವರು ಹ್ಯಾಲ್ವರ್ ಬ್ರಾಂಡ್‌ವೋಲ್ಡ್ ಎಂಬ ಮುದುಕರು. ಕಂಪನಿಯ ಜತೆ ಅವರ ಕರಾರು ಗಟ್ಟಿಯಾಗಿತ್ತು: ಅವರು ನೋಡಿ ಹೂಂ ಅನ್ನದೆ ಎರಡನೇ ಭಾಗ ಹೊರಗೆ ಬರುವಂತಿಲ್ಲ. ಎರಡನೇ ಭಾಗಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಮೇ ತಿಂಗಳಲ್ಲಿ ಅವರೇ ಸಿಡ್ನಿಗೆ ಬಂದು ನೋಡುವುದೆಂದು ಗೊತ್ತಾಗಿತ್ತು. ಅವರು ಒಲ್ಲೆ ಅಂದರೆ ರೀಲುಗಳು ರಿಪೇರಿಗೆ ಬೇರೆ ದೇಶದ ಸ್ಟುಡಿಯೋಕ್ಕೆ ಹೋಗುತ್ತವೆ, ಸಿಡ್ನಿಗೆ ಬೀಗ ಬೀಳುತ್ತದೆ. ಕಂಪನಿಯ ಪರವಾಗಿ ವೇಡ್ ಕಾರ್ಬಿನ್ ಎಂಬಾತ ಫೋನಿನಲ್ಲಿ ಇದನ್ನು ಬಹಳ ವಿನಯದಿಂದ ಹೇಳಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ, ದೂರದ ಉತ್ತರದ ಗಾಲ್ವೇ ಊರಿನಿಂದ ಹೊಸದಾಗಿ ಬಂದು ಕ್ಲೀನ್‌ಅಪ್ ಸೇರಿದ್ದ ಡೆರ್ವ್ಲಾ, ಮುಗಿದ ರೀಲು ನೋಡುತ್ತಾ ಕೇಳಿದಳು.

"ಹುಣ್ಣಿಮೆ ಬರ್ತಿದೆ ಅಂತಾರಲ್ಲ, ಮತ್ಯಾಕೆ ಚಂದ್ರ ಕರಗ್ತಿರೋದು?"

"ಕರಗ್ತಿಲ್ಲ, ತುಂಬ್ತಿದೆ. ಕನ್ನಡಕ ಹಾಕ್ಕೋ," ಎಂದ ಕಾನ್ ಮಾವ್ರೋಸ್. ಹಿನ್ನೆಲೆಗಳನ್ನೆಲ್ಲ ಬಣ್ಣದಲ್ಲಿ ಬರೆದವನು ಅವನೇ; ನೊಯೆಲಿನ್‌ಗಿಂತ ಒಂದು ವಾರ ಮುಂಚೆ ಕೆಲಸಕ್ಕೆ ಸೇರಿದವನು, ಆ ಒಂದು ವಾರದ ಹಿರಿತನವನ್ನು ಇಂದಿಗೂ ಬಿಟ್ಟುಕೊಡದವನು.

"ತುಂಬೋ ಚಂದ್ರಂಗೆ ಬೆಳಕು ಬಲಗಡೆ ಇರುತ್ತೆ. ಇದಕ್ಕೆ ಎಡಗಡೆ ಇದೆ. ಇದು ಅಮಾವಾಸ್ಯೆಗೆ ಹೊರಟಿರೋ ಚಂದ್ರ."

"ಹುಟ್ಟಿದಾಗಿಂದ ನೋಡ್ತಿದೀನಿ ಕಣಮ್ಮ. ತುಂಬೋದು ಎಡದಿಂದಾನೇ."

"ಇಲ್ಲಿ," ಎಂದಳು ಡೆರ್ವ್ಲಾ.

ಭೂಮಿಯ ಕೆಳಗರ್ಧದಲ್ಲಿ ಹುಟ್ಟಿ ಬೆಳೆದ ಅಷ್ಟೂ ಜನರು ಒಂದು ವರ್ಷದಿಂದ ಆ ಚಂದ್ರನನ್ನು ಬರೆದು, ಗೀಟೆಳೆದು, ಬಣ್ಣ ತುಂಬಿ, ತಿದ್ದಿ ನೋಡಿದ್ದರು. ಒಬ್ಬರಿಗೂ ಅನುಮಾನ ಬಂದಿರಲಿಲ್ಲ, ಏಕೆಂದರೆ ಅದು ಅವರ ಮನೆಯ ಮೇಲೆ ದಿನವೂ ಬರುವ ಚಂದ್ರ. ಉತ್ತರದವರ ಕಣ್ಣಿಗೆ ಅದು ತಿರುಗುಮುರುಗು ಎಂಬುದು ಶಾಲೆಯಲ್ಲಿ ಎಂದೋ ಕೇಳಿದ್ದ ಮಾತು. ಕೈ ಮಾತ್ರ ಕಣ್ಣು ಕಂಡದ್ದನ್ನೇ ಬರೆಯುತ್ತದೆ.

"ಚಂದ್ರನ್ನ ಮಾತ್ರ ತಿರುಗಿಸಿಬಿಡೋಣ," ಎಂದ ಕಾನ್, ದನಿ ಇಳಿದಿತ್ತು.

"ಹಾಡಿನಲ್ಲಿ ಹುಡುಗಿ ಬಿದಿಗೆ ಚಂದ್ರನ ಕೊಂಬು ಹಿಡ್ಕೊಂಡು ಉಯ್ಯಾಲೆ ಆಡ್ತಾಳಲ್ಲೋ, ಅವಳನ್ನೇನು ಗಾಳೀಲಿ ಬಿಡ್ತೀಯಾ?" ಎಂದಳು ನೊಯೆಲಿನ್. ಇಡೀ ಚೌಕಟ್ಟನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚೋಣ ಎಂದರೆ ಸೊಲ್ವಿಯ ಜಡೆ ಬಲ ಹೆಗಲಿಗೆ ಹೋಗುತ್ತದೆ, ಎಡಚಿಯೂ ಆಗುತ್ತಾಳೆ. ಹೊಸದಾಗಿ ಬಿಡಿಸೋಣ ಎಂದರೆ ಅನಿಮೇಟರುಗಳೆಲ್ಲ ಕೆಲಸ ಮುಗಿಸಿ ಹೋಗಿಯಾಗಿದೆ. ಉಳಿದಿರುವುದು ಕ್ಲೀನ್‌ಅಪ್‌ನವರು, ಬಣ್ಣದವರು, ಮುದುಕರು ಬರುವವರೆಗಿನ ಎರಡು ವಾರ.

ಕಾನ್ ಪ್ಲೇಟಿನಲ್ಲಿದ್ದ ಮಾಂಸದ ಪೈಯನ್ನು ಪಕ್ಕಕ್ಕೆ ಸರಿಸಿದ. "ಸುಮ್ನೆ ಇದ್ಬಿಡೋಣ. ಪೈಜಾಮ ಹಾಕ್ಕೊಂಡು ನೋಡೋ ಮಕ್ಕಳು ಚಂದ್ರ ಯಾವ ಕಡೆ ಅಂತ ಲೆಕ್ಕ ಹಾಕ್ತಾರಾ?"

"ಮಕ್ಕಳು ಹಾಕಲ್ಲ. ಆ ಮುದುಕ ಅಮೆರಿಕದ ಮಿನೆಸೋಟಾದಲ್ಲಿ, ಹಸು ಸಾಕೋ ಮನೇಲಿ ಹುಟ್ಟಿದೋನು. ಚಂದ್ರನ್ನ ನೋಡ್ಕೊಂಡೇ ಕೊಟ್ಟಿಗೆಗೆ ಹೋಗಿಬರ್ತಿದ್ದೋನು. ಮೊದಲ್ನೇ ಕ್ಷಣಕ್ಕೇ ಹಿಡೀತಾನೆ."

"ಹಂಗಾದ್ರೆ ನಮ್ಮ ಕಥೆ ಮುಗೀತು."

"ನಮ್ಮದು ಮುಗಿದಿಲ್ಲ. ಸೊಲ್ವಿ ಕಥೆ ಒಂದಿಷ್ಟು ಉದ್ದ ಆಗುತ್ತೆ, ಅಷ್ಟೆ," ಎಂದಳು ನೊಯೆಲಿನ್. ಹೀಗೆ ಮಾತಾಡುವಾಗ ಅವಳ ತಲೆಯಲ್ಲಿ ಇನ್ನೂ ಏನೂ ಇರಲಿಲ್ಲ. ಮೊದಲು ಧೈರ್ಯವಾಗಿ ಹೇಳಿಬಿಡುವುದು, ಆಮೇಲೆ ಹುಡುಕುವುದು, ಇದು ಅವಳ ಹಳೆಯ ಚಾಳಿ. "ಚಂದ್ರ ಮೊದಲು ಕಾಣೋದು ಯಾವಾಗ?"

"ಹಡಗಿಳಿದ ಮೇಲೆ. ಅದಕ್ಕೆ ಮುಂಚೆ ಬರೀ ಮೋಡ, ಹಿಮ."

"ಹಡಗು ಎಷ್ಟು ದೂರ ಹೋಯ್ತು ಅಂತ ಯಾರಾದ್ರೂ ಹೇಳಿದಾರಾ?"

ಕಾನ್ ಅವಳನ್ನೇ ನೋಡಿದ. ಅವನ ಮುಖದಲ್ಲಿ ನಿಧಾನವಾಗಿ ನಗು ಮೂಡಿತು. "ಅಯ್ಯೋ ಕಳ್ಳಿ," ಎಂದ. "ಹುಡುಗೀನ ನಮ್ಮೂರಿಗೆ ಇಳಿಸಿಬಿಟ್ಯಾ?"

ಇಳಿಸಿಯೇಬಿಟ್ಟಿದ್ದಳು. ದ್ವೀಪ ಪಕ್ಕದ್ದಲ್ಲ, ಭೂಮಿಯ ಆ ಕಡೆಯದು. ಅಲ್ಲಿ ಚಂದ್ರ ಎಡದಿಂದಲೇ ತುಂಬುತ್ತಾನೆ. ನೋಡುವವರಿಗೆ ಅದು ತಿಳಿಯುವಂತೆ ಒಂದು ಚಿಕ್ಕ ದೃಶ್ಯ ಸೇರಿಸಿದರೆ ಸಾಕು. ಆದರೆ ಮಾತು ಸೇರಿಸುವಂತಿಲ್ಲ. ಸೊಲ್ವಿಗೆ ದನಿ ಕೊಟ್ಟ ನಟಿ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ಅವಳನ್ನು ಕರೆಸಿದರೆ ವೇಡ್ ಕಾರ್ಬಿನ್ ಕಿವಿಗೆ ಬೀಳುತ್ತದೆ. ಹುಡುಗಿ ತುಟಿ ಬಿಚ್ಚದೆ ಹೇಳಬೇಕು. ಹಡಗಿನಿಂದ ಇಳಿಯುತ್ತಾಳೆ, ಚಂದ್ರನನ್ನು ನೋಡುತ್ತಾಳೆ, ಏನೋ ಸರಿಯಿಲ್ಲ ಅನ್ನಿಸುತ್ತದೆ. ತಲೆ ವಾಲಿಸುತ್ತಾಳೆ. ಊಹೂಂ. ಆಮೇಲೆ ಚಂದ್ರನಿಗೆ ಬೆನ್ನು ಹಾಕಿ, ಬಗ್ಗಿ, ಕಾಲುಗಳ ನಡುವಿನಿಂದ ನೋಡುತ್ತಾಳೆ. ಈಗ ಚಂದ್ರ ಅವಳ ಊರಿನ ಚಂದ್ರನೇ. ನಗುತ್ತಾಳೆ.

"ಯಾರು ಬಿಡಿಸೋದು?" ಎಂದಳು ಡೆರ್ವ್ಲಾ.

"ನಾನು," ಎಂದಳು ನೊಯೆಲಿನ್.

ಹೇಳಿದ್ದೇನೋ ಹೇಳಿದಳು. ಮಾರನೆಯ ಬೆಳಿಗ್ಗೆ ಗಾಜಿನಡಿ ದೀಪ ಉರಿಯುವ ಮೇಜಿನ ಮೇಲೆ ಬಿಳಿ ಹಾಳೆ ಸಿಕ್ಕಿಸಿ ಕೂತಾಗ ಕೈ ಮೇಲೇಳಲಿಲ್ಲ. ಗೋಡೆಯ ಮೇಲಿದ್ದ ಮಾದರಿ ಹಾಳೆಗಳಲ್ಲಿ ಸೊಲ್ವಿ ಎಲ್ಲ ಕೋನಗಳಿಂದಲೂ ಇದ್ದಳು, ತಲೆಕೆಳಗಾಗಿ ಮಾತ್ರ ಇರಲಿಲ್ಲ. ಬ್ರಾಂಡ್‌ವೋಲ್ಡರು ಅವಳನ್ನು ಹಾಗೆ ಕಂಡಿರಲೇ ಇಲ್ಲ. ನೊಯೆಲಿನ್ ಮೊದಲು ನೆಟ್ಟಗಿನ ಮುಖವನ್ನೇ ಬಿಡಿಸಿ ಕಾಗದ ತಿರುಗಿಸಿದಳು. ಅದು ಗೋಡೆಗೆ ಉಲ್ಟಾ ನೇತುಹಾಕಿದ ಫೋಟೋ ಇದ್ದಹಾಗಿತ್ತು. ಹರಿದಳು. ಮಧ್ಯಾಹ್ನದೊಳಗೆ ಬುಟ್ಟಿ ತುಂಬಿತು. ಬೇರೆಯವರ ಗೀಟಿನೊಳಗೆ ಇಷ್ಟು ವರ್ಷ ಬೆಚ್ಚಗೆ ಬದುಕಿದವಳಿಗೆ ಗೀಟೇ ಇಲ್ಲದ ಬಿಳಿ ಹಾಳೆ ನಿಜವಾಗಿ ಭಯ ಹುಟ್ಟಿಸಿತು.

ಎದ್ದು ಹೆಂಗಸರ ಟಾಯ್ಲೆಟ್ಟಿಗೆ ಹೋದಳು. ಅಲ್ಲಿ ನೆಲದವರೆಗೂ ಇದ್ದ ದೊಡ್ಡ ಕನ್ನಡಿಗೆ ಬೆನ್ನು ಹಾಕಿ, ಐವತ್ತು ದಾಟಿದ ತನ್ನ ಸೊಂಟವನ್ನು ನಾಲ್ಕು ಮಾತು ಬೈದು, ಬಗ್ಗಿ, ಕಾಲುಗಳ ಮಧ್ಯದಿಂದ ತನ್ನನ್ನೇ ನೋಡಿಕೊಂಡಳು. ಕೆನ್ನೆ ಕಣ್ಣಿನತ್ತ ಜಾರಿತ್ತು. ಹುಬ್ಬು ಗಂಟಿಕ್ಕಿದರೂ ನಕ್ಕಂತೆ ಕಾಣುತ್ತಿತ್ತು. ಬಾಗಿಲು ತೆರೆದು ಒಳಗೆ ಬಂದ ಡೆರ್ವ್ಲಾ ಹಾಗೇ ನಿಂತಳು.

"ಆರಾಮಾಗಿದೀರಾ?"

"ಆರಾಮಾಗಿದ್ರೆ ಹಿಂಗಿರ್ತಿದ್ನಾ? ನನ್ನ ಮುಖದಲ್ಲಿ ಮೊದಲು ಏನು ಕಾಣ್ತಿದೆ ಹೇಳು."

ಡೆರ್ವ್ಲಾ ಯೋಚಿಸಿದಳು. "ಹಲ್ಲು. ಹಣೆ ಇರಬೇಕಾದ ಜಾಗದಲ್ಲಿ."

ಆ ಮಾತು ಸಾಕಾಯಿತು. ನೊಯೆಲಿನ್ ಮೇಜಿಗೆ ಓಡಿದಳು. ಜಡೆ ಮಣ್ಣಿಗೆ ತಾಗಿತು, ಟೊಪ್ಪಿ ಉರುಳಿತು, ರಕ್ತ ಇಳಿದು ಕೆನ್ನೆಗಳು ಉಬ್ಬಿದವು, ಬಾಯಿ ಮೊದಲು ನಕ್ಕಿತು, ಕಣ್ಣು ಆಮೇಲೆ. ಎಡಗೈ ಬೆರಳುಗಳ ನಡುವೆ ಹಾಳೆಗಳನ್ನು ಸಿಕ್ಕಿಸಿ ಸರಸರನೆ ಮಗುಚಿ ನೋಡಿದರೆ ಹುಡುಗಿ ಉಸಿರಾಡುತ್ತಿದ್ದಳು. ಕಾನ್ ಚಹಾ ತಂದಿಟ್ಟು, ನೋಡಿ, ಅವಳ ಹೆಗಲು ಗಟ್ಟಿಯಾಗಿ ಅದುಮಿ ಹೋದ. ನೊಯೆಲಿನ್‌ಗೆ ಹಾಡಬೇಕೆನ್ನಿಸಿತು. ಓಡುವ ನಾಯಿಗಳನ್ನು ಬಿಡಿಸುತ್ತಿದ್ದ ಕಾಲದ ನಂತರ ಅವಳು ಇಷ್ಟು ಸುಖಪಟ್ಟಿರಲಿಲ್ಲ.

ಬ್ರಾಂಡ್‌ವೋಲ್ಡರು ಬಂದ ದಿನ ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಎಂಬತ್ತು ದಾಟಿದ ಎತ್ತರದ ಮನುಷ್ಯ, ಕೈಯಲ್ಲಿ ಊರುಗೋಲು. ಲ್ಯಾಮಿಂಗ್ಟನ್ ಕೇಕು ಕೊಟ್ಟರೆ ಬೇಡ ಅಂದರು, ಚಹಾ ಕೊಟ್ಟರೆ ಬೇಡ ಅಂದರು. ಜತೆಗೆ ಬಂದಿದ್ದ ವೇಡ್ ಕಾರ್ಬಿನ್ ಎಲ್ಲದಕ್ಕೂ ಹೂಂ ಅಂದ. ದೀಪ ಆರಿತು.

ನೊಯೆಲಿನ್ ಪರದೆ ನೋಡಲಿಲ್ಲ, ಮುದುಕರ ಕತ್ತನ್ನೇ ನೋಡುತ್ತಾ ಹಿಂದಿನ ಸಾಲಿನಲ್ಲಿ ಕೂತಳು. ಸೊಲ್ವಿ ಹಡಗಿನಿಂದಿಳಿದಾಗ ಆ ಕತ್ತು ಚೂರು ಮುಂದೆ ಬಂತು. ಚಂದ್ರ ಕಂಡ ಕೂಡಲೇ ಊರುಗೋಲು ನೆಲಕ್ಕೆ ಟಕ್ಕೆಂದು ಬಡಿಯಿತು. ಹಿಡಿದುಬಿಟ್ಟರು. ಹುಡುಗಿ ಬಗ್ಗಿದಳು, ನಕ್ಕಳು. ಕತ್ತು ಅಲ್ಲಾಡಲಿಲ್ಲ. ಚಿತ್ರ ಮುಗಿಯುವವರೆಗೂ ಅಲ್ಲಾಡಲಿಲ್ಲ.

ದೀಪ ಹತ್ತಿದ ಮೇಲೆ ವೇಡ್ ಮೊದಲು ಬಾಯಿ ಬಿಟ್ಟ. "ಆ ಬಗ್ಗಿ ನೋಡೋ ದೃಶ್ಯ ಒಪ್ಪಿಗೆಯಾದ ಕಥೇಲಿ ಇರಲಿಲ್ಲ. ಯಾರನ್ನ ಕೇಳಿ ಸೇರಿಸಿದ್ರಿ?"

"ಯಾರನ್ನೂ ಕೇಳಲಿಲ್ಲ," ಎಂದಳು ನೊಯೆಲಿನ್.

ಮುದುಕರು ಕುರ್ಚಿಯಲ್ಲೇ ತಿರುಗಿದರು. "ಬಿಡಿಸಿದ್ದು ಯಾರು?"

"ನಾನೇ."

"ಮೊದಲೇ ಯೋಚಿಸಿ ಮಾಡಿದ್ದೋ, ತಪ್ಪು ಮುಚ್ಚೋಕೆ ಮಾಡಿದ್ದೋ?"

ಕಾನ್ ಅತ್ತ ಕಡೆಯಿಂದ ಕಣ್ಣು ಮಿಟುಕಿಸಿದ, ಸುಳ್ಳು ಹೇಳು ಎಂದು. ನೊಯೆಲಿನ್ ಅವನ ಕಡೆ ತಿರುಗಲೇ ಇಲ್ಲ. "ತಪ್ಪೇ. ನಮ್ಮಲ್ಲಿ ಯಾರೂ ಬೇರೆ ಚಂದ್ರನ್ನ ಕಂಡೋರಲ್ಲ. ಗೊತ್ತಾದ ಮೇಲೆ ಮುಚ್ಚಿಡೋಕೆ ಮನಸ್ಸಾಗಲಿಲ್ಲ, ಸೊಲ್ವಿಗೇ ತೋರಿಸಿಬಿಟ್ವಿ."

"ನನ್ನ ಹುಡುಗಿ ಹಾಗೆ ಬಗ್ಗಿ ನೋಡೋಳಲ್ಲ."

"ನಿಮ್ಮೂರಲ್ಲಿ ನೋಡಲ್ಲ. ಅಲ್ಲಿ ಅವಳಿಗೆ ಅದರ ಅಗತ್ಯಾನೇ ಬರ್ಲಿಲ್ಲ. ಇಷ್ಟು ದೂರ ಬಂದು, ಬಾತುಕೋಳಿ ಕಳ್ಕೊಂಡು, ಚಂದ್ರಾನೂ ಅಪರಿಚಿತ ಆದ್ರೆ ಮಗು ಏನು ಮಾಡುತ್ತೆ? ನಾನು ಬಗ್ಗಿ ನೋಡಿ ಬಿಡಿಸಿದ್ದು ಸರ್. ಬೇಕಾದ್ರೆ ನೀವೂ ನೋಡಿ."

ವೇಡ್ ಕಣ್ಣು ಮುಚ್ಚಿಕೊಂಡ. ಮುದುಕರು ಊರುಗೋಲೂರಿ ಎದ್ದರು. "ಈಗ ಚಂದ್ರ ಇದೆಯಾ?" ಎಂದು ಕೇಳಿದರು.

ತಪ್ಪು ಗೊತ್ತಾದ ದಿನದಿಂದ ಚಂದ್ರನ ಕಾವಲಿಗೇ ಬಿದ್ದಿದ್ದ ಕಾನ್ ತಟ್ಟನೆ ಹೇಳಿದ, "ಇದೆ. ಬೀದಿಗೆ ಬಂದ್ರೆ ಕಾಣುತ್ತೆ, ಪಬ್ಬಿನ ಮೇಲುಗಡೆ."

ಎಲ್ಲರೂ ಮೆಟ್ಟಿಲಿಳಿದರು. ಹೊತ್ತು ಆಗಷ್ಟೇ ಮುಳುಗಿತ್ತು. ಬಸ್ಸಿಗೆ ಕಾದವರು, ಕೆಲಸ ಬಿಟ್ಟು ಬಿಯರಿಗೆ ಹೊರಟವರು, ಎಲ್ಲರ ತಲೆಯ ಮೇಲೆ ಎಳೆಯ ಚಂದ್ರ, ಎಡಗಡೆ ಬೆಳಕು ತುಂಬಿಕೊಂಡು. ಬ್ರಾಂಡ್‌ವೋಲ್ಡರು ತಲೆಯನ್ನು ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು. ಆಮೇಲೆ ಊರುಗೋಲನ್ನು ವೇಡ್ ಕೈಗೆ ಕೊಟ್ಟು ಚಂದ್ರನಿಗೆ ಬೆನ್ನು ಹಾಕಿ ನಿಂತರು.

"ಸರ್, ಬೇಡಿ," ಎಂದ ವೇಡ್.

ಅವರು ಬಗ್ಗಿದರು. ಮುಂದಕ್ಕೆ ವಾಲಿದರು. ನೊಯೆಲಿನ್ ಮುಂದೆ ಹೋಗಿ ಅವರ ಕೋಟಿನ ಸೊಂಟದ ಪಟ್ಟಿಯನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದಳು. ಮುದುಕರ ಬಿಳಿಕೂದಲು ಫುಟ್‌ಪಾತಿನತ್ತ ಜೋಲಿತು. ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು. ಅವರ ಭಾರವೆಲ್ಲ ತನ್ನ ಕೈಯಲ್ಲಿರುವಾಗ ನೊಯೆಲಿನ್‌ಗೆ ಸ್ಟುಡಿಯೋದ ಚಿಂತೆ ಒಂದು ಕ್ಷಣ ಮರೆತೇಹೋಯಿತು, ಇವರು ಬೀಳದಿದ್ದರೆ ಸಾಕು ಅನ್ನಿಸಿತು.

ಕೆಳಗಿನಿಂದ ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬರುವಷ್ಟು ಜೋರಾಗಿ.

"ನಮ್ಮೂರ ಚಂದ್ರಾನೇ ಕಣಯ್ಯ," ಎಂದರು ಮುದುಕರು ತಮ್ಮ ಕಾಲುಗಳ ನಡುವಿನಿಂದ. "ನನ್ನ ಹುಡುಗಿ ಹೀಗೇ ನೋಡೋಳು. ನಂಗೆ ಗೊತ್ತಿರಲಿಲ್ಲ."

ವೇಡ್ ಊರುಗೋಲು ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತು ಅವರ ಮುಖಕ್ಕೆ ಮುಖ ಕೊಟ್ಟ. "ಸರ್, ಅಂದ್ರೆ ಒಪ್ಪಿಗೇನಾ?"

"ಒಪ್ಪಿಗೆ. ಈಗ ಈಯಮ್ಮಂಗೆ ನನ್ನ ಮೇಲೆತ್ತೋಕೆ ಹೇಳು."