ಗೊರಕೆಯ ಹೆಂಡತಿ

ಗಂಡನ ಶವದ ಪೆಟ್ಟಿಗೆಯ ಮೇಲೆ ಹೂವಿಡಲು ಬಗ್ಗಿದಾಗಲೇ ಹಿಂದಿನಿಂದ ಪಿಸುಮಾತು ಕಿವಿಗೆ ಬಿತ್ತು.

"ಆ ಗೊರಕೆ ಹೆಂಡ್ತಿ ಅಂದ್ರೆ ಇವ್ರೇನಾ?"

"ಶ್! ಮೆಲ್ಲಗೆ ಮಾತಾಡೇ."

ಅವಳು ತಿರುಗಲಿಲ್ಲ. ಹದಿನಾರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದವಳಿಗೆ ಕತ್ತು ತಿರುಗಿಸುವುದೂ ಭಾರವಾಗಿತ್ತು. ಇಷ್ಟು ವರ್ಷ ನುಂಗಿಕೊಂಡ ಒಂದೇ ಮಾತು ಗಂಟಲಲ್ಲಿತ್ತು: ಗೊರಕೆ ನನ್ನದಲ್ಲ, ಇಲ್ಲಿ ಮಲಗಿರುವ ಈ ಮಹಾನುಭಾವರದು. ಇಷ್ಟೊಂದು ಜನ ಸೇರಿದ ಇವತ್ತು ಹೇಳದಿದ್ದರೆ ಇನ್ನು ಹೇಳುವುದೆಂದು?

*

ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ವರ್ಷಕ್ಕೊಮ್ಮೆ ನಗೆಹಬ್ಬ ನಡೆಸುತ್ತಿದ್ದ. ಮೊದಲ ವರ್ಷ ಶಾಲೆಯ ಒಂದು ಕೋಣೆ, ನಲವತ್ತು ಜನ. ಹೆಂಡತಿಯ ಗೊರಕೆಗೆ ಹೆದರಿ ಮನೆಯ ಗಡಿಯಾರಗಳೆಲ್ಲ ಹಿಂದಕ್ಕೆ ಓಡುತ್ತವೆ ಎಂದು ಅವನು ಹೇಳಿದ ದಿನದಿಂದ ಹಬ್ಬ ಕುದುರಿಕೊಂಡಿತು. ಏಳನೇ ವರ್ಷ ಪುರಭವನದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಅವಳು ಮಾತ್ರ ಹಿಟ್ಟಿನ ಗಿರಣಿಗೆ ಹೋಗುವಂತಿರಲಿಲ್ಲ.

"ಏನಮ್ಮಾ, ನಮ್ಮ ಮಿಷನ್ ಸದ್ದು ನಿಮಗೆ ಸಪ್ಪೆ ಅನ್ಸುತ್ತಾ?" ಎಂದ ಗಿರಣಿಯವನು. ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಬಂದು ಅತ್ತಳು.

"ಇನ್ನು ನಿನ್ನ ಸುದ್ದಿ ಎತ್ತಲ್ಲ ಕಣೇ," ಎಂದ ಗಂಡ. ಎತ್ತಲೂ ಇಲ್ಲ. ಮುಂದಿನ ವರ್ಷ ಜನ "ಗೊರಕೆ! ಗೊರಕೆ!" ಎಂದು ಕೂಗಿದರೂ ಅವನು ಗಿರಾಕಿಗಳ ಬಗ್ಗೆಯೇ ಮಾತಾಡಿದ. ಯಾರಿಗೆ ಬೇಕು ಗಿರಾಕಿಗಳ ಕತೆ? ವರ್ಷದಿಂದ ವರ್ಷಕ್ಕೆ ಕುರ್ಚಿಗಳು ಖಾಲಿಯಾದವು. ತನ್ನಿಂದಲೇ ಹಬ್ಬ ಮುಳುಗಿತೆಂಬ ಅಳುಕು ಅವಳಿಗೆ. ಅವನು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ಒಂದು ಜಗಳವಾಡಿ ಹಗುರಾಗಬಹುದಿತ್ತು.

*

"ಕೊನೇ ವರ್ಷ ಬಂದಿದ್ದು ಒಂಬತ್ತೇ ಜನ ಅತ್ತಿಗೆ," ಎಂದ ಪೆಟ್ಟಿಗೆಯ ಪಕ್ಕ ನಿಂತಿದ್ದ ಮೈಕಿನವನು. ಹಬ್ಬಕ್ಕೆ ಮೊದಲಿನಿಂದ ಕೊನೆಯವರೆಗೂ ಮೈಕು ಕಟ್ಟಿದವನು ಅವನೇ. "ಅಣ್ಣ ಎದ್ದು ನಿಂತು, ಗೊರಕೆ ನಂದೇ ಕಣ್ರಪ್ಪಾ, ಅವಳು ಪಾಪ ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಾಳೆ ಅಂದ್ಬಿಟ್ರು."

ಹಬ್ಬದ ಕಡೆ ತಲೆ ಹಾಕದ ಅವಳಿಗೆ ಇದು ಗೊತ್ತೇ ಇರಲಿಲ್ಲ.

"ಯಾರಾದ್ರೂ ನಕ್ರಾ?"

"ಒಬ್ರೂ ಇಲ್ಲ. ನಾನೇ ಮೈಕು ಆಫ್ ಮಾಡ್ದೆ."

ನಾಲ್ವರು ಬಂದು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು.

"ಏನಾದ್ರೂ ಹೇಳ್ಬೇಕು ಅಂತಿದ್ರೆ ಹೇಳಿಬಿಡಿ ಅತ್ತಿಗೆ."

ಜನ ಅವಳತ್ತ ನೋಡಿದರು. ಅವಳು ಮುಖ ಒರೆಸಿಕೊಂಡಳು.

"ನನ್ನ ಗೊರಕೆ ಕೇಳದ ಜಾಗ ಹುಡುಕ್ತಾನೇ ಇದ್ರು. ಅಂತೂ ಸಿಕ್ತು. ಆದ್ರೂ ಮುಚ್ಚಳ ಬಿಗಿಯಾಗಿದೆಯಾ ನೋಡ್ಕೊಳ್ಳಿ. ನಂದು ಅಲ್ಲೀವರೆಗೂ ಕೇಳುತ್ತೆ."

ಹಿಂದೆಲ್ಲೋ ಒಬ್ಬ ಮುದುಕ ಕಿಸಕ್ಕೆಂದ. ನಗು ಅಂಗಳವಿಡೀ ಹಬ್ಬಿತು. ಮುಂದೆ ಹೆಗಲು ಕೊಟ್ಟವನ ಮೈ ಕುಲುಕತೊಡಗಿ ಪೆಟ್ಟಿಗೆ ವಾಲಿತು.

"ಇಳ್ಸ್ರೋ, ಇಳ್ಸಿ!"

ಪೆಟ್ಟಿಗೆಯನ್ನು ಮತ್ತೆ ಅವಳ ಮುಂದೆಯೇ ಇಳಿಸಿ, ನಾಲ್ವರೂ ಕಣ್ಣೊರೆಸಿಕೊಳ್ಳುತ್ತ ನಗು ನಿಲ್ಲುವವರೆಗೆ ಕಾದು ನಿಂತರು.