ಕೂಗಿಲ್ಲದೆ ಕೂತ ಸಮಿತಿ

ಆ ಬೆಳಿಗ್ಗೆ ಬಂಡೀಪುರದ ಕಾಡಿನ ಕಡೆಯಿಂದ ಇಳಿದ ಮಂಜು ಊರನ್ನೇ ಹೊದ್ದುಕೊಂಡು ಮಲಗಿತ್ತು. ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಈರುಳ್ಳಿ ಲಾರಿಗಳು ದೀಪ ಹಾಕಿಕೊಂಡೇ ತೆವಳುತ್ತಿದ್ದವು. ಚಾಮರಾಜನಗರದ ಬಸ್ಸಿಗೆ ಹೊರಟಿದ್ದ ಕಾಲೇಜಿನ ಕನ್ನಡ ಮೇಷ್ಟ್ರು ಶಾಂತರಾಜುವಿಗೆ, ಮಾರಮ್ಮನ ಗುಡಿಯ ಬಾಗಿಲಲ್ಲಿ ನಿಂತಿದ್ದ ಮಲ್ಲಾಜಮ್ಮ ತೀರ ಹತ್ತಿರ ಬಂದಮೇಲೇ ಕಂಡಳು. ಅವಳ ಕೈಯಲ್ಲಿ ಎಣ್ಣೆಯ ಗಿಂಡಿ. ಬಾಗಿಲಿಗೆ ಹೊಸ ಬೀಗ. ತಾಯಿಗೆ ದಿನಾ ದೀಪ ಹಚ್ಚುವ ಸೇವೆ ಅವಳಿಗೆ ಅತ್ತೆಯ ಕಾಲದಿಂದ ಬಂದದ್ದು.

"ಇದ್ಯಾಕ್ ಮಗಾ, ನನ್ ಕೀ ಇಡೀತಿಲ್ಲ?"

"ಹುಂಡಿ ಇಟ್ಟಿದ್ದೀವಲ್ಲ ದೊಡ್ಡವ್ವ. ಇನ್ಮೇಲೆ ಕೀ ಕಾರ್ಯದರ್ಶಿ ಹತ್ರಾನೇ ಇರ್ಲಿ ಅಂತ ಗುಡಿ ಸಮಿತಿ ತೀರ್ಮಾನ ಮಾಡ್ತು." ಕಾರ್ಯದರ್ಶಿ ಅವನೇ.

"ಸಮಿತೀಲಿ ನಾನೂ ಒಬ್ಳಲ್ವಾ? ನನ್ನ ಯಾರ್ ಕರುದ್ರು?"

"ಮೊಬೈಲ್ ಗ್ರೂಪ್‌ಗೆ ಹಾಕಿದ್ದೆ..." ಎಂದವನು ನಡುವೆಯೇ ತಡೆದ. ಅವಳದು ಗುಂಡಿ ಒತ್ತುವ ಫೋನು. ಅದು ಅವನಿಗೆ ಗೊತ್ತೇ ಇತ್ತು.

ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಮಾದಣ್ಣ ಬೀಡಿ ಆರಿಸಿದ. ಕೂಟಕ್ಕೆ ಮುಂಚೆ ಮನೆಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗುವುದು ಅವನ ಕೆಲಸ. ಕೂಗಿಲ್ಲದೆ ಕೂತವರ ಮಾತು ಹಿಂದೆಲ್ಲ ಊರಿಗೆ ಸಲ್ಲುತ್ತಿರಲಿಲ್ಲ.

"ನನ್ ಗಂಟ್ಲು ಸವ್ದೋಗದೆ ಅಂತ ಕೆಲ್ಸವ ಮೊಬೈಲ್‌ಗೆ ಕೊಟ್ಬುಟ್ಟ ಕಣವ್ವಾ, ನಮ್ ಮೇಷ್ಟ್ರು!"

ಮಲ್ಲಾಜಮ್ಮ ನಗಲಿಲ್ಲ. "ಕರೆದು ಕೇಳಿದ್ರೆ ಕೀಯ ನಾನೇ ತಂದ್ಕೊಡ್ತಿದ್ದೆ. ಈಗ ನೋಡ್ದೋರು ಏನಂದಾರು? ಮಲ್ಲಾಜಿ ಹುಂಡಿಗೆ ಕೈ ಹಾಕುದ್ಲು ಅನ್ನಲ್ವಾ ಮಗಾ?"

ಹೊಸಿಲ ಹೊರಗೇ ಒಂದು ಹಣತೆ ಇಟ್ಟು, ಎಣ್ಣೆ ಹೊಯ್ದು, ಬತ್ತಿ ಹಚ್ಚಿದಳು. ಮುಚ್ಚಿದ ಬಾಗಿಲಿಗೇ ಕೈ ಮುಗಿದು ಹೊರಟುಹೋದಳು.

ಶಾಂತರಾಜು ತಲೆ ಎತ್ತಲಾರದೆ ನಿಂತ. ಸಮಿತಿಗೆ ಐವರನ್ನು ನೇಮಿಸಿದ ದಿನ ಮೈಕು ಹಿಡಿದವನು ಇವನೇ. ಪಂಚಾಯ್ತಿ ಎಂಬುದು ಐವರಿಂದ ಹುಟ್ಟಿದ ಮಾತು, ಮಂಡಳಿ ದುಂಡಗೆ ಕೂರುವುದರಿಂದ, ಸಮಿತಿಯೆಂದರೆ ಎಲ್ಲರೂ ಕೂಡಿ ಬರುವುದು ಎಂದೆಲ್ಲ ಬಿಡಿಸಿ ಹೇಳಿದ್ದ. 'ಏನ್ ಚೆನ್ನಾಗ್ ಯೋಳ್ದ ನಮ್ ಹುಡ್ಗ' ಎಂದು ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡಿದ್ದವಳು ಮಲ್ಲಾಜಮ್ಮ. ಈಗ ಅದನ್ನು ನೆನೆದರೆ ಮೈಯೆಲ್ಲ ಹಿಡಿಯಾಯಿತು.

ಬಸ್ಸು ಬಂತು, ಹಾರನ್ನು ಹೊಡೆಯಿತು, ಹೋಯಿತು. ಅವನು ಹತ್ತಲಿಲ್ಲ.

"ಮಾದಣ್ಣ, ಕೂಗನಾ ಬಾ. ನಾನೇ ಕೂಗ್ತೀನಿ."

"ನೀನಾ? ಇಸ್ತ್ರಿ ಪ್ಯಾಂಟು ಕೆಸರಾಯ್ತದೆ ಕಣ್ಲಾ!"

"ಆಗ್ಲಿ ಬುಡಣ್ಣ."

ಜಗಲಿಗಳ ಮೇಲೆ ನಗು ಎದ್ದಿತು. "ಏನ್ಲಾ, ಕಾಲೇಜ್ ಬುಟ್ಟು ಕೂಗೋಕ್ ನಿಂತ್ಯಾ?" ಎಂದರು. ಅವನು ತಿರುಗಿ ನೋಡಲಿಲ್ಲ. ಮಲ್ಲಾಜಮ್ಮನ ಮನೆಯ ಮುಂದೆ ಮಾತ್ರ ಚಪ್ಪಲಿ ಬಿಟ್ಟು ನಿಂತ. ಮಾದಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಕೂಗನ್ನು ಅವನಿಗೇ ಬಿಟ್ಟ.

"ಮಲ್ಲಾಜಮ್ಮನೋರೇ, ಗುಡಿ ತಾವ ಕೂಟ ಅದೆ, ಬರ್ಬೇಕೂ!"

ಅವಳು ಬಂದಳು. ಐವರೂ ಕಟ್ಟೆಯ ಮೇಲೆ ಕೂತರು. "ನಿಮ್ಮನ್ನ ಕರೀದೆ ತೀರ್ಮಾನ ಮಾಡ್ದೆ ದೊಡ್ಡವ್ವ. ತಪ್ಪು ನಂದೇ," ಎಂದ ಶಾಂತರಾಜು. ಅಧ್ಯಕ್ಷ ಚೆಲುವಯ್ಯ ನೆಲ ನೋಡುತ್ತ, "ನಾವೂ ಕೇಳ್ಬೇಕಾಗಿತ್ತು. ಈಗ ಯೋಳಿ, ಕೀ ಯಾರ್ ತಾವ ಇರ್ಲಿ?" ಎಂದ.

ಯಾರೂ ಬಾಯಿ ಬಿಡುವ ಮೊದಲೇ ಶಾಂತರಾಜು ಎದ್ದ. ಹೊಸ ಬೀಗದ ಕೈಯನ್ನು ಜೇಬಿನಿಂದ ತೆಗೆದು, ಎರಡೂ ಕೈಯಿಂದ ಅವಳ ಅಂಗೈಯಲ್ಲಿಟ್ಟು, "ಮೊದ್ಲು ನಿಮ್ ಮಾತಾಗ್ಲಿ ದೊಡ್ಡವ್ವ. ಅಲ್ಲೀವರ್ಗೂ ಕೀ ನಿಮ್ ಹತ್ರಾನೇ ಇರ್ಲಿ," ಎಂದು ಹಿಂದಕ್ಕೆ ಸರಿದ.