ತಡೆದ ಸುದ್ದಿ

ಹಾನಗಲ್ಲಿನಿಂದ ಹೊರಟ ಬಸ್ಸು ಇನ್ನೂ ಊರು ದಾಟಿರಲಿಲ್ಲ, ನಾನಾಗಲೇ ನನ್ನ ಭಾಷಣದ ಮೊದಲ ಸಾಲನ್ನು ಮೂರನೇ ಸಲ ಅಳಿಸುತ್ತಿದ್ದೆ. ಹಿರೇಕೆರೂರಿನ ಕಾಲೇಜೊಂದರಲ್ಲಿ ಮಧ್ಯಾಹ್ನ ಕಾರ್ಯಕ್ರಮ. ‘ಆನ್‌ಲೈನ್‌ನಲ್ಲಿ ಒಳ್ಳೆಯ ಕಂಟೆಂಟ್ ಕ್ಯುರೇಟರ್ ಆಗುವುದು ಹೇಗೆ, ಅದಕ್ಕೆ ತಕ್ಕ ಟೂಲ್ ಆರಿಸುವುದು ಹೇಗೆ’ ಅಂತ ಅವರೇ ವಿಷಯ ಕೊಟ್ಟಿದ್ದರು. ಮುಂಜಾನೆ ನಮ್ಮವ್ವ ಸರೋಜವ್ವ, ಹಂಗಂದ್ರ ಏನು ಅಂತ ಕೇಳಿದ್ದಳು.

"ಅಕ್ಕಿ ಆರಿಸ್ತೀಯಲ್ಲ, ಹಂಗ. ಮಂದಿ ಸುದ್ದಿ ತರ್ತಾರ, ನಾ ಕಲ್ಲು ತಗದು ಕೊಡ್ತೇನಿ."

"ಇಷ್ಟಕ್ಕ ಭಾಷಣ ಬ್ಯಾರೆ ಮಾಡ್ತಿಯೇನ ಶೀಲಾ?" ಎಂದು ಅವ್ವ ನಕ್ಕಳು. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ.

ನನ್ನ ವಾಟ್ಸಾಪ್ ಚಾನೆಲ್ಲಿನ ಹೆಸರು ‘ನಾಕೂರ ಸುದ್ದಿ’. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಮಂದಿ ಓದುತ್ತಾರೆ. ಗೋವಿನಜೋಳದ ಧಾರಣೆ, ಕರೆಂಟು ತೆಗೆಯುವ ಹೊತ್ತು, ಅರ್ಜಿ ಹಾಕಲು ಕೊನೆಯ ದಿನ. ಇದರಲ್ಲಿ ಯಾವುದನ್ನೂ ನಾನು ಹುಟ್ಟಿಸುವುದಿಲ್ಲ. ಬೇರೆಯವರು ಎಲ್ಲೆಲ್ಲೋ ಹಾಕಿದ್ದನ್ನು ಹುಡುಕಿ, ಖರೆಯೋ ಸುಳ್ಳೋ ಎಂದು ಫೋನ್ ಮಾಡಿ ಕೇಳಿ, ಬೇಕಾದ್ದನ್ನಷ್ಟೇ ಇಡುತ್ತೇನೆ. ಎಲ್ಲರೂ ಮೊದಲು ನೋಡುವುದು ಮಾತ್ರ ಮಣ್ಣಿನ ಸುದ್ದಿಯನ್ನು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ‘ಮಣ್ಣು ಎಷ್ಟೊತ್ತಿಗೆ’ ಎಂದೇ ಕೇಳುವುದು. ಮದುವೆ ತಪ್ಪಿಸಿದರೆ ನಡೆಯುತ್ತದೆ. ಮಣ್ಣಿಗೆ ಹೋಗದಿದ್ದರೆ ಸಾಯುವ ತನಕ ಆಡಿಕೊಳ್ಳುತ್ತಾರೆ. ಗೌಡರ ಮನೆಯದಾಗಲಿ, ಕೂಲಿಯವರ ಮನೆಯದಾಗಲಿ, ನನ್ನ ಚಾನೆಲ್ಲಿನಲ್ಲಿ ಒಂದೇ ಅಳತೆಯ ಫೋಟೊ, ಒಂದೇ ಅಳತೆಯ ಅಕ್ಷರ. ಅದರ ಬಗ್ಗೆ ನನಗೆ ಜಂಬ ಇತ್ತು, ಇದೆ.

ಟೂಲುಗಳ ವಿಷಯಕ್ಕೆ ಬಂದರೆ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಒಂದನ್ನು ಹಿಡಿದು ವಾರ ಕಳೆಯುವುದರೊಳಗೆ ಇನ್ನೊಂದರ ಹಿಂದೆ. ಒಂದು ಟೂಲು ಕನ್ನಡದ ಒತ್ತಕ್ಷರಗಳನ್ನೆಲ್ಲ ಡಬ್ಬಿ ಮಾಡಿ ಇಡುತ್ತಿತ್ತು. ಇನ್ನೊಂದು ನೋಡಲು ಚೆಂದ, ಆದರೆ ನಮ್ಮೂರಿನ ನೆಟ್‌ವರ್ಕಿನಲ್ಲಿ ತೆರೆದುಕೊಳ್ಳಲು ಅದಕ್ಕೆ ಮುಹೂರ್ತ ಬೇಕು. ಕೊನೆಗೆ ಸವಣೂರಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿರುವ ನನ್ನ ಗೆಳತಿ ಗೌಹರ ಒಂದನ್ನು ಜೋಡಿಸಿಕೊಟ್ಟಳು. ಊರಿನವರು ಫೋಟೊ, ಹೆಸರು, ಹೊತ್ತು ಕಳಿಸಿದರೆ ಸಾಕು. ಟೂಲು ಅದನ್ನು ಅಚ್ಚುಕಟ್ಟು ಮಾಡಿ ನನಗೊಮ್ಮೆ ತೋರಿಸುತ್ತದೆ. ಹತ್ತು ನಿಮಿಷ ನಾನು ಸುಮ್ಮನಿದ್ದರೆ ಹೂಂ ಅಂದಂತೆ, ತಾನೇ ಪ್ರಕಟಿಸುತ್ತದೆ. ಮೊದಲು ನಾನು ತಡ ಮಾಡಿ ಎಷ್ಟೋ ಮಂದಿಗೆ ಮಣ್ಣು ತಪ್ಪಿತ್ತು. ಈಗ ಯಾರಿಗೂ ತಪ್ಪುವುದಿಲ್ಲ. ಭಾಷಣದಲ್ಲಿ ಇದನ್ನೇ ದೊಡ್ಡದು ಮಾಡಿ ಹೇಳಬೇಕೆಂದಿದ್ದೆ.

ನನ್ನ ಪಕ್ಕ ಕಿಟಕಿಗೆ ಕೂತಿದ್ದವಳಿಗೆ ಇಪ್ಪತ್ತೈದರ ಆಸುಪಾಸು. ತೊಡೆಯ ಮೇಲೆ ಮಲಗಿದ ಕೂಸು. ಅವಳ ಕೈಯಲ್ಲಿನ ಫೋನು ಒಂದು ಕ್ಷಣ ಸುಮ್ಮನಿರಲಿಲ್ಲ. ತೆರೆಯುವಳು, ಮುಚ್ಚುವಳು, ಮತ್ತೆ ತೆರೆಯುವಳು. ಅವಳ ಮೊಣಕೈ ನನಗೆ ತಾಕಿ ತಾಕಿ ನನ್ನ ಸಾಲು ತಪ್ಪುತ್ತಿತ್ತು.

"ಸ್ವಲ್ಪ ಸುಮ್ಮ ಕುಂದ್ರವಾ" ಎಂದೆ.

"ತಪ್ಪಾತ್ರಿ ಅಕ್ಕಾರ. ಜೀವಕ್ಕ ಸಮಾಧಾನ ಇಲ್ರಿ" ಎಂದಳು. "ನಮ್ಮಪ್ಪಗ ಆರಾಮಿಲ್ಲಂತ. ಅಣ್ಣ ಫೋನ್ ಮಾಡಿದ್ದ. ಸ್ವಲ್ಪ ಸೀರಿಯಸ್ ಐತಿ, ಬಂದು ಮಾರಿ ತೋರಿಸಿ ಹೋಗು ಅಂದ. ತಡಸದಿಂದ ಬರಾಕತ್ತೇನ್ರಿ. ಚಿಕ್ಕೇರೂರಾಗ ಇಳೀಬೇಕು."

ನನ್ನ ಕೈ ನಿಂತಿತು. ಕೊಟ್ಟ ಹೆಣ್ಣುಮಗಳಿಗೆ ತವರಿನಿಂದ ಸಾವಿನ ಸುದ್ದಿಯನ್ನು ಸಾವಿನ ಸುದ್ದಿ ಎಂದು ಯಾರೂ ಹೇಳುವುದಿಲ್ಲ. ಆರಾಮಿಲ್ಲ, ಬಾ ಎನ್ನುತ್ತಾರೆ. ದಾರಿಯಲ್ಲಿ ಒಬ್ಬಳೇ ಅಳಬಾರದು, ಮನೆ ಮುಟ್ಟಿ ನಾಲ್ಕು ಜನರ ಕೈಯಲ್ಲಿ ಅಳಲಿ ಎಂದು. ಇದು ಎಲ್ಲರಿಗೂ ಗೊತ್ತು. ಅವಳಿಗೂ ಗೊತ್ತು, ಗೊತ್ತಿದ್ದರಿಂದಲೇ ಆ ಚಡಪಡಿಕೆ.

"ಹೆಸರೇನವಾ?" ಎಂದು ಕೇಳಿದೆ.

"ವಿದ್ಯಾಶ್ರೀರಿ. ನಮ್ಮಪ್ಪನ ಹೆಸರು ಗುಡ್ಡಪ್ಪ. ಗೌಂಡಿ ಕೆಲಸ ಮಾಡ್ತಾನ್ರಿ. ಮನ್ನೆ ತಾನ ಗ್ವಾಡಿ ಮ್ಯಾಲ ಹತ್ತಿ ನಿಂತಿದ್ದ, ವಿಡಿಯೊದಾಗ ಕೂಸಿಗೆ ಕೈ ಮಾಡಿದ್ದ."

ಮಾತು ಮುಗಿಯುವ ಮುಂಚೆ ನನ್ನ ಫೋನು ನಡುಗಿತು. ಟೂಲಿನ ಸೂಚನೆ. ಹೊಸ ಮಣ್ಣಿನ ಸುದ್ದಿ, ಹತ್ತು ನಿಮಿಷದಲ್ಲಿ ಪ್ರಕಟ. ತೆರೆದೆ. ಅಗಲ ಹಣೆ, ಬಿಳಿ ಮೀಸೆ. ಗುಡ್ಡಪ್ಪ, ಚಿಕ್ಕೇರೂರು ಹತ್ತಿರದ ಹಳ್ಳಿ. ಮಗ ಪರಮೇಶ, ಮಗಳು ವಿದ್ಯಾಶ್ರೀ, ತಡಸ. ಮಣ್ಣು ಸಂಜೆ ಐದಕ್ಕೆ. ಕಳಿಸಿದ್ದು ಓಣಿಯ ಯಾರೋ.

ಫೋನನ್ನು ಎದೆಗೆ ಒತ್ತಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ನನ್ನ ಕಡೆ ತಿರುಗಿದ್ದಕ್ಕೇ ನಾನು ಬೆವೆತೆ. ಮೆಲ್ಲಗೆ ಓರೆ ಮಾಡಿಕೊಂಡು ‘ತಡೆ’ ಎನ್ನುವಲ್ಲಿ ಒತ್ತಿದೆ. ಬಿಳಿ ಉಂಗುರ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಬಸ್ಸು ಗದ್ದೆಗಳ ನಡುವೆ ಇತ್ತು, ನೆಟ್‌ವರ್ಕಿನ ಕಡ್ಡಿಗಳು ಒಂದೊಂದಾಗಿ ಹೋಗಿದ್ದವು. ಒಲೆಯ ಮೇಲೆ ಹಾಲಿಟ್ಟು ಊರಿಗೆ ಹೊರಟವಳ ಹಾಗೆ ನನಗೆ ಕೂರಲಾಗಲಿಲ್ಲ.

ಎದ್ದು ಬಾಗಿಲ ಹತ್ತಿರ ಹೋದೆ. ಬೀಳ್ತೀಯವಾ ಎಂದು ಕಂಡಕ್ಟರು ರೇಗಿದ, ನಾನೂ ರೇಗಿದೆ. ತಿಳವಳ್ಳಿ ಸಮೀಪಿಸುವಾಗ ಗೌಹರಳಿಗೆ ಕರೆ ಹತ್ತಿತು. ತನ್ನ ಸೆಂಟರಿನಿಂದ ಅವಳೂ ಸುದ್ದಿ ತಡೆಯಬಲ್ಲಳು.

"ಗೌಹರ, ಈಗ ಬಂದ ಮಣ್ಣಿನ ಸುದ್ದಿ ತಡಿ. ಲಗೂನ ತಡಿ."

"ಯಾಕ? ಸುಳ್ಳೈತೇನು?"

"ಖರೇನ ಐತಿ. ಮಗಳು ನನ್ನ ಬಾಜೂಕ ಕುಂತಾಳ. ಅಕಿಗೆ ಹೇಳಿಲ್ಲ."

"ಶೀಲಾ, ಐದಕ್ಕ ಮಣ್ಣೈತಿ. ತಡದ್ರ ಬೀಗರು ಬಿಜ್ಜರಿಗೆ ಹೆಂಗ ತಿಳೀಬೇಕು? ನೀನ ಹೇಳತಿದ್ದಿ, ಯಾರಿಗೂ ಮಣ್ಣು ತಪ್ಪಬಾರದು ಅಂತ."

"ಅಕಿ ಮನಿ ಮುಟ್ಟೂಮಟ ಅಷ್ಟ. ಒಂದು ತಾಸು."

"ನಿನ್ನ ಬಾಜೂಕ ಕುಂತಾಳ ಅಂತ ಇಕೀದು ತಡದಿ. ಇಷ್ಟು ದಿನ ಬ್ಯಾರೆ ಬಸ್ಸಿನಾಗ ಎಷ್ಟು ಮಂದಿ ಹೆಣ್ಮಕ್ಕಳು ಓದಿರಬೇಕು?" ಎಂದಳು ಗೌಹರ. ಬೈಗುಳವಲ್ಲ, ಸುಮ್ಮನೆ ಕೇಳಿದಳು. "ತಡದೇನಿ ತಗೊ. ಹೊಂಟಿದ್ದು ನಿಂತೈತಿ."

ನಾನು ಕಂಬ ಹಿಡಿದು ಅಲ್ಲೇ ನಿಂತೆ. ಹತ್ತು ನಿಮಿಷದ ಟೂಲನ್ನು ಆರಿಸುವಾಗ ನಾನು ಅಕ್ಷರ ನೋಡಿದೆ, ವೇಗ ನೋಡಿದೆ, ಬಳಸಲು ಸುಲಭವೇ ಎಂದು ನೋಡಿದೆ. ಅದನ್ನು ಓದುವವಳು ಎಲ್ಲಿ ಕೂತಿರುತ್ತಾಳೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಆದರೂ ಒಂದಾದರೂ ತಡೆದೆನಲ್ಲ ಎಂಬ ನೆಮ್ಮದಿಯಲ್ಲಿ ಸೀಟಿಗೆ ಮರಳಿದೆ.

ವಿದ್ಯಾಶ್ರೀಯ ಮುಖ ಬೇರೆಯೇ ಆಗಿತ್ತು. ನಗುತ್ತಿದ್ದಳು.

"ಅಕ್ಕಾರ, ಈಗ ನೆಟ್ ಬಂತು ನೋಡ್ರಿ" ಎಂದು ತನ್ನ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ‘ನಾಕೂರ ಸುದ್ದಿ’ ತೆರೆದಿತ್ತು. "ನಾ ದಿನಾ ಓದ್ತೇನ್ರಿ. ಇದರಾಗ ಸುಳ್ಳು ಬರಂಗಿಲ್ಲ. ಯಾರ ಸತ್ರೂ ಒಂದು ತಾಸಿನಾಗ ಹಾಕ್ತಾರ. ಅಣ್ಣ ಫೋನ್ ಮಾಡಿ ಮೂರು ತಾಸಾತು. ನಮ್ಮಪ್ಪನ ಸುದ್ದಿ ಬಂದಿಲ್ರಿ!"

ನಾನು ನನ್ನ ಫೋನನ್ನು ಚೀಲದೊಳಗೆ ತುರುಕಿದೆ.

"ನಾ ಏನೇನೋ ಅನ್ಕೊಂಡಿದ್ದೆ. ಬಾಯಾಗ ಹುಳ ಬೀಳ್ಲಿ ನನ್ನ. ಖರೇನ ಆರಾಮಿಲ್ಲ, ಅಷ್ಟ." ತಿಳವಳ್ಳಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕೈ ಚಾಚಿ ಮೋಸಂಬಿ ಕೊಂಡಳು. ಒಂದೊಂದನ್ನೂ ಒತ್ತಿ ನೋಡಿ, ಗಟ್ಟಿಯಾದದ್ದನ್ನು ವಾಪಸು ಕೊಟ್ಟು ಮೆತ್ತಗಿನದನ್ನೇ ಆರಿಸಿದಳು. "ಅಪ್ಪಗ ರಸ ಹಿಂಡಿ ಕೊಡ್ತೇನಿ. ಊಟ ಬಿಟ್ಟಿರ್ತಾನ." ಕೂಸನ್ನು ಎಬ್ಬಿಸಿ, ಅದರ ಕೆನ್ನೆ ಹಿಂಡಿ, "ಅಜ್ಜನ ಮನಿ ಬಂತು" ಎಂದಳು.

ಆ ಸಂತೋಷ ನೋಡಲಾಗಲಿಲ್ಲ. ಅಣ್ಣ ಹೇಳಿದ ಸುಳ್ಳಿಗೆ ಅವಳು ಮೋಸ ಹೋಗಿರಲಿಲ್ಲ, ಪಾಪ, ಅರ್ಧ ದಾರಿಯಿಂದ ಎದೆ ಗಟ್ಟಿ ಮಾಡಿಕೊಳ್ಳುತ್ತಾ ಬಂದಿದ್ದಳು. ಅದನ್ನು ಕೆಡವಿದವಳು ನಾನು. ನಾನು ಹಾಕದ ಸುದ್ದಿಯನ್ನೂ ಅವಳು ಸುದ್ದಿಯೆಂದೇ ಓದಿದ್ದಳು. ಇನ್ನು ಅರ್ಧ ತಾಸಿಗೆ, ಕೈಯಲ್ಲಿ ಮೋಸಂಬಿ ಹಿಡಿದು, ನಗುತ್ತಾ, ಅವಳು ಹೆಣದ ಮುಂದೆ ಹೋಗಿ ನಿಲ್ಲುತ್ತಾಳೆ. ಯಾಕಾದರೂ ಈ ಬಸ್ಸು ಹತ್ತಿದೆನೋ ಎನ್ನಿಸಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಅಂದು ಜಾರಿಕೊಳ್ಳಬಹುದಿತ್ತು. ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿದೆ.

"ಯಾಕ್ರಿ ಅಕ್ಕಾರ, ನಿಮಗ ಹೊಟ್ಟಿ ತೊಳಸಾಕತ್ತೈತೇನು? ಒಂದು ಹಣ್ಣು ತಿನ್ರಿ" ಎಂದು ಅವಳು ಮೋಸಂಬಿ ಸುಲಿಯತೊಡಗಿದಳು.

ನಾನು ಅವಳ ಕೈ ಹಿಡಿದೆ. "ವಿದ್ಯಾಶ್ರೀ, ಆ ಚಾನೆಲ್ ನಡಸಾಕಿ ನಾನ."

ಅವಳ ಕಣ್ಣು ಅರಳಿದವು. "ಖರೇನ್ರಿ? ನೀವ?"

"ಸುದ್ದಿ ಬಂದಿತ್ತವಾ. ನೀ ಓದಬಾರದು ಅಂತ ನಾನ ತಡದೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅರ್ಧ ಸುಲಿದ ಹಣ್ಣು ಇಬ್ಬರ ಕೈ ನಡುವೆ ಇತ್ತು. ಬಸ್ಸು ಗುಂಡಿಗೆ ಇಳಿದು ಎದ್ದಿತು. ಅವಳು ಅಳುತ್ತಾಳೆ ಎಂದು ಕಾದೆ. ಅವಳು ಕೂಸನ್ನು ಗಟ್ಟಿಯಾಗಿ ಅವಚಿಕೊಂಡು ಮುಖವನ್ನು ಅದರ ಕುತ್ತಿಗೆಯಲ್ಲಿ ಹುದುಗಿಸಿದಳು. ಬೆನ್ನು ಮಾತ್ರ ಅಲುಗಿತು, ಸದ್ದು ಬರಲಿಲ್ಲ. ನಾನು ಆ ಬೆನ್ನಿನ ಮೇಲೆ ಕೈಯಿಟ್ಟೆ. ನನಗೂ ಅಳು ಬಂತು.

ಬಹಳ ಹೊತ್ತಿನ ಮೇಲೆ ಅವಳು ತಲೆ ಎತ್ತಿದಳು. "ಮಣ್ಣು ಎಷ್ಟೊತ್ತಿಗಂತ್ರಿ?"

"ಐದಕ್ಕ."

"ಹಂಗಾರ ಹಾಕ್ರಿ. ಶಿಗ್ಗಾಂವದಾಗ ನಮ್ಮತ್ತಿ ಅದಾಳ. ಅಪ್ಪನ ತಂಗಿ. ಅಕಿಗೆ ಬಸ್ ಸಿಗಬೇಕು."

ನಾನು ಗೌಹರಳಿಗೆ ‘ಬಿಡು’ ಎಂದು ಬರೆದೆ. ಅಕ್ಷರ ಕಾಣಿಸುತ್ತಿರಲಿಲ್ಲ.

ಚಿಕ್ಕೇರೂರು ಇನ್ನೇನು ಬಂತು ಎನ್ನುವಾಗ ವಿದ್ಯಾಶ್ರೀ ಬಾಟಲಿಯ ನೀರಿನಲ್ಲಿ ಮುಖ ತೊಳೆದು, ಸೆರಗಿನಿಂದ ಒತ್ತಿ ಒತ್ತಿ ಒರೆಸಿಕೊಂಡಳು. ಕಣ್ಣು ಕೆಂಪು ಕಾಣ್ತಾವೇನ್ರಿ ಎಂದು ನನ್ನನ್ನು ಕೇಳಿದಳು. ಇಲ್ಲ ಎಂದೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಅಣ್ಣ" ಎಂದಳು. "ಅವಂಗ ನನಗ ಗೊತ್ತೈತಿ ಅಂತ ತಿಳೀಬಾರದ್ರಿ. ಎಷ್ಟು ಸಂಕಟಪಟ್ಟು ಸುಳ್ಳು ಹೇಳ್ಯಾನೋ ಏನೋ."

ಒಮ್ಮೆ ಉಸಿರು ಎಳೆದುಕೊಂಡು ಫೋನನ್ನು ಕಿವಿಗಿಟ್ಟಳು.

"ಹೂಂ ಅಣ್ಣಾ, ಬಂದ್ನಿ. ಗಾಬರಿ ಆಗಬ್ಯಾಡ. ಅಪ್ಪಗ ಹೇಳು, ಮೋಸಂಬಿ ತಂದೇನಿ ಅಂತ."